ಬಾಗಿಲು ತೆರೆಯಿತು: ಕರ್ತೃ ಯಾರು?

ಮೇಷ್ಟ್ರು: "ಬಾಗಿಲು ತೆರೆಯಿತು" ಅಂತ ನಾನು ಬರೆಯಲ್ಲ ಅಂದ್ರೆ ಬರೆಯಲ್ಲ! "ಇವಳು ಬಾಗಿಲನ್ನು ತೆರೆದಳು" ಅಂತ ಬರ್ಕೊಳ್ಳಿ.

ಗುಮಾಸ್ತ: ಸಾರ್, ಫಾರಂನಲ್ಲಿ ಇವರಿಗೆ ಜಾಗ ಇಲ್ಲ.

ಹೆಂಡತಿ: ಕಾರಲ್ಲೂ ಇಲ್ಲ ಬಿಡಿ. ಬಲಕ್ಕೆ ತಿರುಗಿದಾಗಲೆಲ್ಲ ನಾನು ಅರ್ಧ ಆಚೆ ಇರ್ತೀನಿ.

ಕಾರು ಸರ್ವಿಸ್ ಮಾಡುವ ಶೆಡ್ಡಿನ ಕೌಂಟರ್ ಮೇಲೆ ಕಂಪನಿಯ ಕಾಗದ ಬಿದ್ದಿತ್ತು. ಈ ಮಾದರಿಯ ಕಾರುಗಳ ಎಡಗಡೆ ಮುಂಬಾಗಿಲಿನ ಲಾಕು ತಯಾರಾಗುವಾಗಲೇ ಕೆಟ್ಟಿದೆ, ತಂದರೆ ಪುಕ್ಕಟೆಯಾಗಿ ಬದಲಿಸಿಕೊಡುತ್ತೇವೆ ಎಂಬ ಒಕ್ಕಣೆ. ಈ ಸಲದ್ದು ಹೆಂಡತಿಯ ಕೈಗೆ ಸಿಕ್ಕಿತ್ತು. ಇಂಥ ಕಾಗದ ಹಿಂದೆಯೂ ಎರಡು ಬಂದಿದ್ದವು. ನಿವೃತ್ತ ವ್ಯಾಕರಣ ಮೇಷ್ಟ್ರು ಅವನ್ನು ನಿಘಂಟಿನೊಳಗೆ ಬಚ್ಚಿಟ್ಟಿದ್ದರು. ಬಚ್ಚಿಡದೆ ಏನು ಮಾಡುತ್ತಾರೆ? ಮೂರು ವರ್ಷದಿಂದ ಬಾಗಿಲು ತೆರೆದುಕೊಂಡಾಗಲೆಲ್ಲ ಹೆಂಡತಿಯನ್ನೇ ಬೈದವರು ಅವರು. ಒಮ್ಮೆಯಂತೂ 'ಬಾಗಿಲನ್ನು ಎಳೆದು ಮುಚ್ಚುತ್ತೇನೆ' ಎಂದು ನೂರು ಸಲ ಬರೆಸಿದ್ದರು. ಈಗ ತಪ್ಪು ಲಾಕಿನದು ಎಂದು ಸಹಿ ಹಾಕಿದರೆ ಮಾನ ಮೂರು ಕಾಸಿಗೆ ಹೋಗುವುದಿಲ್ಲವೇ?

ಗುಮಾಸ್ತ: ರಿಪೇರಿ ಹೇಗೂ ಪುಕ್ಕಟೆ ಸಾರ್. ಇದೊಂದು ತುಂಬಿಬಿಡಿ: "ಬಾಗಿಲು ತಾನಾಗಿ ತೆರೆದಿದೆಯೇ?"

ಮೇಷ್ಟ್ರು: ತಾನಾಗಿ ಹೇಗ್ರೀ ತೆರೆಯುತ್ತೆ? ಬಾಗಿಲು ಜಡವಸ್ತು. ಕರ್ತೃ ಇಲ್ದೆ ಕ್ರಿಯೆ ಇಲ್ಲ. ಕಾರಲ್ಲಿ ಇದ್ದವರು ಇಬ್ಬರು. ನಾನು ಸ್ಟೀರಿಂಗ್ ಹಿಡ್ದಿದ್ದೆ. ಉಳಿದವರು ಯಾರು?

ಹೆಂಡತಿ: ನಾನೂ ಹಿಡ್ದಿದ್ದೆ, ಬಾಗಿಲಿನ ಹಿಡಿನ. ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಮನೇಲಿ ಸೋಫಾ ಮೇಲೆ ಕೂತ್ರೂ ಎಡಗೈ ಹಿಡಿ ಹುಡುಕುತ್ತೆ.

ಮೇಷ್ಟ್ರು: ಕೇಳಿದ್ರಾ? ಹಿಡಿ ಮುಟ್ಟೋ ಚಾಳಿ ಅಂತ ಅವಳೇ ಒಪ್ಕೊಂಡ್ಲು!

ಹೆಂಡತಿ: ಮೊನ್ನೆ ತಿರುವಿನಲ್ಲಿ ಬಾಗಿಲು ಬಿಚ್ಕೊಂಡಾಗ ಕೈ ಜಾರಿದ್ರೆ?

ಮೇಷ್ಟ್ರು: ಬೆಲ್ಟ್ ಇತ್ತಲ್ಲ.

ಹೆಂಡತಿ: ಇತ್ತು ಅಂತಲೇ ಇವತ್ತು ನನ್ನ ಜೊತೆ ಜಗಳ ಆಡ್ತಿದ್ದೀರಿ. ಇಲ್ದಿದ್ರೆ ಗೋಡೆಗೆ ತೂಗುಹಾಕಿದ ನನ್ನ ಫೋಟೋ ಜೊತೆ ಆಡ್ಬೇಕಾಗಿತ್ತು.

ಮೇಷ್ಟ್ರಿಗೆ ಎದೆ ಧಸಕ್ಕೆಂದಿತು. ಆದರೆ ಬಾಯಿ ಸೋಲಬೇಕಲ್ಲ!

ಮೇಷ್ಟ್ರು: ನಾನೇ ಆ ಸೀಟಲ್ಲಿ ಕೈಕಟ್ಟಿ ಕೂರ್ತೀನಿ. ಬಾಗಿಲು ತೆರೆದ್ರೆ ನೀವು ಹೇಳಿದ್ದು ಬರೀತೀನಿ. ನಡೀರಿ!

ಹೆಂಡತಿ ಬಲವಂತವಾಗಿ ಬೆಲ್ಟ್ ಬಿಗಿದಳು. ಗುಮಾಸ್ತ ಕಾರನ್ನು ಅಂಗಳದಲ್ಲಿ ಆಮೆಯ ಹಾಗೆ ಹೊರಡಿಸಿ ಬಲಕ್ಕೆ ತಿರುಗಿಸಿದ. ಠಕ್ ಎಂದಿತು. ಬಾಗಿಲು ಹಾರುಹೊಡೆಯಿತು. ಮೇಷ್ಟ್ರ ಕನ್ನಡಕ ಒಂದು ಕಡೆ, ಚಪ್ಪಲಿ ಒಂದು ಕಡೆ. ಮೇಷ್ಟ್ರು ಮಾತ್ರ ಬೆಲ್ಟಿಗೆ ಜೋತುಬಿದ್ದು ಅರ್ಧ ಒಳಗೆ, ಅರ್ಧ ಹೊರಗೆ.

ಹೆಂಡತಿ (ಓಡಿಬಂದು ಹಿಡಿದುಕೊಂಡು): ರೀ! ಪೆಟ್ಟಾಯ್ತಾ? ಇಲ್ವಲ್ಲ? ಹಾಗಾದ್ರೆ ಹೇಳಿ, ಕರ್ತೃ ಯಾರು?

ಮೇಷ್ಟ್ರು: ಬಾಗಿಲು... ತೆರೆಯಲ್ಪಟ್ಟಿತು.

ಗುಮಾಸ್ತ: ಯಾರಿಂದ ಸಾರ್?

ಮೇಷ್ಟ್ರು: ಕರ್ಮಣಿ ಪ್ರಯೋಗ ಕಣಯ್ಯಾ! ಕರ್ತೃನ ಹೇಳ್ಲೇಬೇಕು ಅಂತೇನಿಲ್ಲ.

ಹೆಂಡತಿ: ಮೂರು ವರ್ಷ ಪ್ರಯೋಗ ನಿಮ್ಮದು, ಕರ್ಮ ನಂದು! ನೆಟ್ಟಗೆ ಬರೀರಿ.

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಇಷ್ಟು ದಿನ ಇವಳನ್ನು ಇದೇ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದೆನಲ್ಲಾ ಎಂದು ಅವರಿಗೆ ಈಗ ನಿಜಕ್ಕೂ ಹೆದರಿಕೆಯಾಯಿತು. 'ಬಾಗಿಲು ತಾನಾಗಿ ತೆರೆಯಿತು. ತಪ್ಪು ಹೆಂಡತಿಯದಲ್ಲ' ಎಂದು ದುಂಡಗೆ ಬರೆದು ಸಹಿ ಹಾಕಿದರು.

ಹೆಂಡತಿ ಅದನ್ನು ಎರಡೆರಡು ಸಲ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಗುಮಾಸ್ತನ ಕಡೆ ತಿರುಗಿದಳು.

ಹೆಂಡತಿ: ಅಣ್ಣಾ, ಇಂಥ ಫಾರಂ ಇನ್ನೂ ತೊಂಬತ್ತೊಂಬತ್ತು ಕೊಡಿ.