ಮೂರು ಸಲ ಸತ್ತವನ ಹಾಲುತುಪ್ಪ

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಈ ಮಾತನ್ನು ನನ್ನ ಹೆಂಡತಿ ಗಿರಿಜೆಯ ಎದುರು ಹೇಳಲಾರೆ, ಆದ್ದರಿಂದ ನಿಮ್ಮ ಎದುರು ಹೇಳುತ್ತಿದ್ದೇನೆ. ದೂರದೂರಿನ ಯಾರಿಗೋ ದೊಡ್ಡ ಪ್ರಶಸ್ತಿ ಬಂದರೆ ನಾನು ಮನಸಾರೆ ಸಂತೋಷಪಡಬಲ್ಲೆ. ಪಕ್ಕದ ಮನೆಯವರು ಹೊಸ ಕಾರು ತಂದಾಗ ಚಕ್ರದ ಕೆಳಗಿಡಲು ನಿಂಬೆಹಣ್ಣು ಕೊಟ್ಟವನೇ ನಾನು. ಆದರೆ ದೇವರು ಷಡ್ಡಕ ಎಂಬ ಸಂಬಂಧವೊಂದನ್ನು ಯಾಕೆ ಸೃಷ್ಟಿಸಿದನೋ ನನಗೆ ತಿಳಿಯದು. ಅಣ್ಣತಮ್ಮಂದಿರಾದರೆ ಜಗಳವಾಡಿ, ಪಾಲು ಮಾಡಿಕೊಂಡು, ಮುಖ ತಿರುಗಿಸಿಕೊಂಡು ನೆಮ್ಮದಿಯಾಗಿರಬಹುದು. ಹೆಂಡತಿಯ ತಂಗಿಯ ಗಂಡನ ಜೊತೆ ಜಗಳವಾಡಲು ಕಾರಣವೇ ಸಿಗುವುದಿಲ್ಲ. ಹಬ್ಬಕ್ಕೆ ಹೋದಾಗ ಮಾವನ ಮನೆಯಲ್ಲಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಾರೆ. ಅವನ ಎಲೆಯ ಮೇಲಿನ ಒಬ್ಬಟ್ಟು ನನ್ನದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೇಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ.

ನನ್ನ ಷಡ್ಡಕನ ಹೆಸರು ಪುಟ್ಟರಾಜು. ಬೀಚನಹಳ್ಳಿಯ ಅಣೆಕಟ್ಟಿನ ಕಡೆ ನೀರಾವರಿ ಕೆಲಸದಲ್ಲಿದ್ದಾನೆ. ನಾನು ಹೆಗ್ಗಡದೇವನಕೋಟೆಯಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅವನು ನೀರು ನೋಡಿಕೊಳ್ಳಬೇಕು, ನಾನು ಸಾಹಿತ್ಯ ನೋಡಿಕೊಳ್ಳಬೇಕು. ಮದುವೆಯಾದಂದಿನಿಂದ ನಮ್ಮ ನಡುವೆ ಬಾಯಿಬಿಟ್ಟು ಆಡದ ಒಪ್ಪಂದ ಅದಾಗಿತ್ತು. ಅದರಂತೆ ನಾನು ಒಂದು ಕಾದಂಬರಿ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೂ ನೀವು ಕೇಳಿರುವುದಿಲ್ಲ. ನಮ್ಮ ಹಳ್ಳಿಯ ಬದುಕನ್ನು ಇದ್ದದ್ದು ಇದ್ದ ಹಾಗೆ ಬರೆದ ಪುಸ್ತಕ ಅದು. ಬಂದ ಓದುಗರ ಅಭಿಪ್ರಾಯಗಳು ನನಗೆ ಬಾಯಿಪಾಠವಾಗಿವೆ, ಯಾಕೆಂದರೆ ಬಂದದ್ದೇ ಕಡಿಮೆ. "ಅಕ್ಷರ ದಪ್ಪಗಿವೆ, ಕಣ್ಣಿಗೆ ಒಳ್ಳೆಯದು" ಎಂದರು ನಮ್ಮ ಹೆಡ್‌ಮಾಸ್ಟರು. ನನ್ನ ಸೋದರಮಾವ ಮಾತ್ರ ಪೂರ್ತಿ ಓದಿ, "ಇಂಗೆಲ್ಲಾ ಎಲ್ಲಾದ್ರೂ ನಡೀತದೇನ್ಲಾ? ಸುಳ್ಳು ಬರ್ದ್ರೂ ಒಸಿ ನಂಬಂಗೆ ಬರೀಬೇಕು ಕಣ್ಲಾ" ಎಂದರು. ಬರೆದದ್ದು ಅವರದೇ ಕಥೆ. ಗಿರಿಜೆ ಅದನ್ನು ಇನ್ನೂ ಓದುತ್ತಿದ್ದಾಳೆ. ನಮ್ಮ ಮಗಳು ಹುಟ್ಟುವ ಮೊದಲು ಶುರು ಮಾಡಿದ್ದಳು, ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ.

ಹೀಗಿರುವಾಗ ಪುಟ್ಟರಾಜು ಒಂದು ಭಾನುವಾರ ಮನೆಗೆ ಬಂದು, ಹಲ್ಲು ಕಿರಿಯುತ್ತಾ, ಕೈಗೊಂದು ಪುಸ್ತಕ ಕೊಟ್ಟ. "ಅಣ್ಣ, ಏನೋ ಗೀಚ್ಬುಟ್ಟಿವ್ನಿ. ನೀವು ನೋಡಿ ತಿದ್ದಬೇಕು" ಎಂದ. ಅಚ್ಚಾದ ಮೇಲೆ ತಿದ್ದುವುದಕ್ಕೆ ಏನಿರುತ್ತದೆ? ಪುಸ್ತಕದ ಹೆಸರು 'ಕೊನೇ ತೂಬು'. ವೈಜ್ಞಾನಿಕ ಕಾದಂಬರಿ. ಸ್ವಂತ ಕಥೆಯಾದರೂ ಅಲ್ಲ. ಅವನ ಜೊತೆ ಓದಿದವನೊಬ್ಬ ಮೈಸೂರಿನಲ್ಲಿ ಕಂಪ್ಯೂಟರ್ ಆಟ ತಯಾರಿಸುತ್ತಾನಂತೆ. ಆ ಆಟದಲ್ಲಿ ಎಲ್ಲೋ ಒಂದು ಒಣಗಿದ ಗ್ರಹ, ಅಲ್ಲೊಂದು ದೈತ್ಯ ಅಣೆಕಟ್ಟು. ಆಡುವವನು ಶತ್ರುಗಳ ಗುಂಡು ತಪ್ಪಿಸಿಕೊಂಡು ಒಂದೊಂದೇ ತೂಬು ತೆಗೆದು ನೀರು ಹರಿಸಬೇಕು. ಗುಂಡು ತಗುಲಿ ಸತ್ತರೆ ಚಿಂತೆಯಿಲ್ಲ, ಮೂರು ಜೀವ ಕೊಟ್ಟಿರುತ್ತಾರೆ. ಸತ್ತವನು ಮತ್ತೆ ಮೊದಲ ತೂಬಿನಿಂದ ಎದ್ದು ಬರುತ್ತಾನೆ. ಬೆಳಗ್ಗೆಯಿಂದ ಸಂಜೆಯವರೆಗೆ ತೂಬು ತೆಗೆಯುವ ಕೆಲಸ ಮಾಡುವವನು ರಜೆಯಲ್ಲೂ ಕೂತು ತೂಬು ತೆಗೆಯುವ ಆಟ ಆಡಿ, ಸ್ನೇಹಿತನ ಒಪ್ಪಿಗೆ ಪಡೆದು ಅದನ್ನೇ ಕಾದಂಬರಿ ಮಾಡಿದ್ದ. ನಾನು ಒಳಗೊಳಗೇ ನಕ್ಕೆ. ಮೊಬೈಲಿನಲ್ಲಿ ಆಡುವುದನ್ನು ಬಿಟ್ಟು ಯಾರಾದರೂ ಪುಸ್ತಕ ತೆಗೆದು ಓದುತ್ತಾರೆಯೇ? "ಬಹಳ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಕಳಿಸಿದೆ.

ಓದಿದರು ಸ್ವಾಮಿ, ಊರೇ ಓದಿತು. ನಮ್ಮ ತಾಲ್ಲೂಕಿನ ಓದುಗರದೊಂದು ಮೊಬೈಲ್ ಗುಂಪು ಇದೆ, ಕಟ್ಟಿದವನು ನಾನೇ. ನನ್ನ ಕಾದಂಬರಿ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದ ಗುಂಪದು. ಈಗ ಅಲ್ಲಿ ಬೆಳಗಾದರೆ 'ಕೊನೇ ತೂಬು', ಸಂಜೆಯಾದರೆ 'ಕೊನೇ ತೂಬು'. ನಾಲೆಯ ತುದಿಯ ಹೊಲದ ರೈತರೊಬ್ಬರು ಧ್ವನಿ ಸಂದೇಶ ಕಳಿಸಿದರು: "ಆ ಗ್ರಹದಲ್ಲೂ ಕೊನೇ ತೂಬಿನೋರ್ಗೇ ನೀರು ತಲುಪಕಿಲ್ಲ ನೋಡಿ ಸಾ! ಎಲ್ಲಿಗೋದ್ರೂ ನಮ್ ಅಣೇಬರ ಇಷ್ಟೇಯ." ಗ್ರಹದ ಮೇಲೆ ಮಾತ್ರೆ ನುಂಗಿ ಹೊಟ್ಟೆ ತುಂಬಿಸಿಕೊಳ್ಳುವ ನಾಯಕನನ್ನು ನೋಡಿ ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನವರಿಗೆ ಸಂಕಟವಾಯಿತು. "ಒಂದು ಸೆಟ್‌ದೋಸೆನಾರ ತಿನ್ಸ್‌ಬಾರ್ದಿತ್ತಾ?" ಎಂದು ಕೇಳಿದರು. ನನ್ನನ್ನು ನಿಜಕ್ಕೂ ಸುಟ್ಟದ್ದು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರ ಮಾತು. ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸೊಪ್ಪು ಬೇಯಿಸುವಾಗ ಒಲೆಯ ಮುಂದಿನಿಂದ ಏಳುವ ಹಾಗಿಲ್ಲ, ಕಾವು ಹೆಚ್ಚಾದರೆ ಸೊಪ್ಪು ಕಪ್ಪಾಗಿ ವರ್ಷದ ದುಡಿಮೆ ಹೋಯಿತು. ಆ ಮಹಾರಾಯ ಒಲೆಯ ಮುಂದೆ ಕೂತು ಈ ಪುಸ್ತಕ ಓದುತ್ತಾ ಮೈಮರೆತನಂತೆ. "ಒಂದು ಬ್ಯಾರನ್ ಸೊಪ್ಪು ಕರ್ರಗಾಯ್ತು. ಆಗ್ಲಿ ಬುಡಿ, ಬುಕ್ಕು ಮಾತ್ರ ಸಕತ್ತಾಗದೆ" ಎಂದು ಬರೆದಿದ್ದ. ಒಂದು ಬ್ಯಾರನ್ ಸೊಪ್ಪು! ನನ್ನ ಕಾದಂಬರಿ ಓದುತ್ತಾ ಯಾರ ಮನೆಯಲ್ಲೂ ಇಂದಿನವರೆಗೆ ಹಾಲು ಕೂಡ ಉಕ್ಕಿಲ್ಲ.

ಮನೆಗೆ ಬಂದರೆ ಗಿರಿಜೆ ಸೊಪ್ಪು ಸೋಸುವುದನ್ನು ಪಕ್ಕಕ್ಕಿಟ್ಟು ಅದನ್ನೇ ಓದುತ್ತಿದ್ದಳು. "ಕಾಫಿ" ಎಂದೆ. "ಇರ್ರೀ, ಸತ್ತೋಗ್ತಾವ್ನೆ" ಎಂದಳು. "ಸಾಯಲಿ ಬಿಡು, ಇನ್ನೂ ಎರಡು ಜೀವ ಇದೆ" ಎಂದೆ. ಮುಂದಿನ ಕಥೆ ಹೇಳಿ ರುಚಿ ಕೆಡಿಸಿದಿರಿ ಎಂದು ಅವಳು ಸಂಜೆಯವರೆಗೆ ಮಾತು ಬಿಟ್ಟಳು. ಕಾಫಿಯನ್ನು ನಾನೇ ಮಾಡಿಕೊಂಡೆ. ಕುಡಿಯುತ್ತಾ ಕೂತಾಗ ನನಗೆ ಆದದ್ದು ಸಿಟ್ಟಲ್ಲ, ದುಃಖ. ಇವಳೊಬ್ಬಳು ಒಮ್ಮೆ ನನ್ನ ಪುಸ್ತಕ ಹಿಡಿದು ಕಾಫಿ ಮರೆತಿದ್ದರೆ ನಾನು ಸಾಹಿತ್ಯವನ್ನೇ ಬಿಟ್ಟು ಆರಾಮಾಗಿ ಇರುತ್ತಿದ್ದೆ.

ಪುಸ್ತಕದ ಕೊನೆಯ ಪುಟದಲ್ಲಿ "ಓದುಗರು ತಮ್ಮ ಅಭಿಪ್ರಾಯವನ್ನು ಮುಲಾಜಿಲ್ಲದೆ ತಿಳಿಸಬೇಕು" ಎಂದಿತ್ತು. ಮುಲಾಜಿಲ್ಲದೆ ತಿಳಿಸೋಣ ಎಂದು ತೀರ್ಮಾನಿಸಿದೆ. ಹೆಸರು ಹಾಕುವಂತಿರಲಿಲ್ಲ, ಯುಗಾದಿಗೆ ಮತ್ತೆ ಒಂದೇ ಸಾಲಿನಲ್ಲಿ ಕೂರಬೇಕಲ್ಲ. ಅದಕ್ಕೆ 'ಹೊಸ ಅಗ್ರಹಾರದ ಓದುಗ' ಆದೆ. ಕೆ.ಆರ್. ನಗರದ ಕಡೆಯ ಆ ಊರಿಗೆ ಹಿಂದೆ ಒಂದು ಮದುವೆಗೆ ಹೋಗಿದ್ದೆ, ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ. ಕೈಬರಹ ಗುರುತು ಸಿಕ್ಕೀತೆಂದು ಹುಣಸೂರಿಗೆ ಬಸ್ಸಿನಲ್ಲಿ ಹೋಗಿ, ಟೈಪ್ ಮಾಡಿಸಿ, ಅಲ್ಲೇ ಅಂಚೆ ಡಬ್ಬಿಗೆ ಹಾಕಿ, ಕೈಬರಹದ ಹಾಳೆಗಳನ್ನು ಹರಿದು ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ತೂರಿದೆ. ಕೊಲೆ ಮಾಡಿದವನೂ ಇಷ್ಟು ಎಚ್ಚರ ವಹಿಸಿರಲಾರ.

ಏನು ಬರೆದೆ ಅಂತೀರಾ? ಆಟದ ಚಟದಲ್ಲಿ ಲೇಖಕ ಮನುಷ್ಯರನ್ನೇ ಮರೆತಿದ್ದಾನೆ ಎಂದು ಶುರು ಮಾಡಿದೆ. ನಾಯಕ ಮೂರು ಸಲ ಸಾಯುತ್ತಾನೆ, ಒಂದು ಸಲವಾದರೂ ಯಾರಾದರೂ ಅತ್ತರೇ? ನಮ್ಮಲ್ಲಿ ಎಂಥ ಬಡವ ಸತ್ತರೂ ಮೂರನೆಯ ದಿನ ಹೂತ ಗುಡ್ಡೆಗೆ ಹೋಗಿ ಹಾಲುತುಪ್ಪ ಬಿಟ್ಟು, ಅವನಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಟ್ಟು, ಕಾಗೆ ಬಂದು ಮುಟ್ಟಲಿ ಎಂದು ಕಾಯುತ್ತೇವೆ. ಈ ಗ್ರಹದಲ್ಲಿ ಹಾಲುತುಪ್ಪ ಇಲ್ಲವೇ? ಇದ್ದರೆ ಎಡೆ ಮುಟ್ಟಲು ಅಲ್ಲಿ ಕಾಗೆ ಎಲ್ಲಿಂದ ಬರಬೇಕು? ಲೇಖಕ ಮಹಾಶಯರು ಏನು ಮಾಡುತ್ತಿದ್ದರು? ಸತ್ತವನೇ ಮೂರನೆಯ ದಿನ ಎದ್ದು ಬಂದು, ಹಸಿವು ತಾಳದೆ, ತನ್ನ ಎಡೆಯ ಮುಂದೆ ತಾನೇ ಕೂತು ಮುದ್ದೆ ಮುರಿಯಬೇಕೇ? ಹಿಂದಿನಿಂದ ಅವನ ತಾಯಿ ಬಂದು, ನೀನು ಹೇಗೆ ಬದುಕಿ ಬಂದೆ ಎಂದೂ ಕೇಳದೆ, "ಉಪ್ಪು ಸಾಕೇನ್ಲಾ ಮಗ?" ಅನ್ನಬೇಕೇ? ಹೀಗೆ ಎರಡು ಪುಟ ಗೇಲಿ ಮಾಡಿದೆ. ಬರೆಯುವಾಗ ಎಷ್ಟು ಹಿತವಾಗಿತ್ತೆಂದರೆ, ನನ್ನ ಕಾದಂಬರಿ ಬರೆಯುವಾಗಲೂ ಅಷ್ಟು ಹಿತವಾಗಿರಲಿಲ್ಲ.

ಪುಟ್ಟರಾಜು ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಪೆಟ್ಟು ಸರಿಯಾದ ಜಾಗಕ್ಕೆ ಬಿದ್ದಿದೆ ಎಂದುಕೊಂಡು ನಾನು ಕೆಲವು ತಿಂಗಳು ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ಪುಸ್ತಕಕ್ಕೆ ಎರಡನೆಯ ಮುದ್ರಣ ಬಂತು. ನಮ್ಮ ಹೆಗ್ಗಡದೇವನಕೋಟೆಯಲ್ಲೇ ಬಿಡುಗಡೆ ಮತ್ತು ಓದುಗರ ಅಭಿಪ್ರಾಯದ ಸಭೆ. ಅಧ್ಯಕ್ಷತೆ ಯಾರದು? ಊರಿನ ಸಾಹಿತಿಗಳದು, ಅಂದರೆ ನನ್ನದು. ಹಾರ ಹಾಕಿಸಿಕೊಂಡು ಕೂತೆ. ಗಿರಿಜೆ ತಂಗಿಯ ಜೊತೆ ಮುಂದಿನ ಸಾಲಿನಲ್ಲಿದ್ದಳು. ಪುಟ್ಟರಾಜು ಎದ್ದು, "ಇದ್ರಲ್ಲಿ ಹೊಸದಾಗಿ ಒಂದು ಅಧ್ಯಾಯ ಸೇರ್ಸಿವ್ನಿ. ಇದು ನಂದಲ್ಲ, ಒಬ್ರು ಪುಣ್ಯಾತ್ಮರು ಕೊಟ್ಟಿದ್ದು. ನಮ್ಮಣ್ಣಂದು ಕಂಚಿನ ಕಂಠ, ಅವ್ರೇ ಓದ್ಲಿ" ಎಂದು ಪುಸ್ತಕವನ್ನು ನನ್ನ ಕೈಗಿತ್ತ. ಅಧ್ಯಾಯದ ತಲೆಯ ಮೇಲೆ "ಹೊಸ ಅಗ್ರಹಾರದ ಓದುಗರಿಗೆ ಋಣಿ" ಎಂದು ಅಚ್ಚಾಗಿತ್ತು.

ಓದದೆ ವಿಧಿಯಿರಲಿಲ್ಲ. ನನ್ನ ಗೇಲಿಯ ಪ್ರಶ್ನಾರ್ಥಕಗಳನ್ನು ಮಾತ್ರ ತೆಗೆದು, ಉಳಿದದ್ದನ್ನು ಅವನು ಹಾಗೇ ಇಟ್ಟಿದ್ದ. ಒಣಗಿದ ನೆಲ, ಕಾಗೆಯಿಲ್ಲದ ಆಕಾಶ, ಯಾರೂ ಮುಟ್ಟದ ಎಡೆ, ಸತ್ತವನೇ ಬಂದು ಕೂತು ಮುದ್ದೆ ಮುರಿಯುವುದು. "ಉಪ್ಪು ಸಾಕೇನ್ಲಾ ಮಗ?" ಎಂಬ ಸಾಲನ್ನೂ ಅದೇ ಕಂಚಿನ ಕಂಠದಲ್ಲಿ ಓದಿ ಮುಗಿಸಿದೆ. ತಲೆಯೆತ್ತಿದರೆ ಹೋಟೆಲಿನವರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಆಮೇಲೆ ಎದ್ದು ನಿಂತವರೆಲ್ಲ ಹೊಸ ಅಗ್ರಹಾರದವನನ್ನೇ ಹೊಗಳಿದರು. ಅವನನ್ನು ಹುಡುಕಿ ಕರೆಸಿ ಶಾಲು ಹೊದಿಸಬೇಕು ಎಂದು ತೀರ್ಮಾನವೂ ಆಯಿತು. ಆ ಹೊಗೆಸೊಪ್ಪಿನ ಬೆಳೆಗಾರ ವೇದಿಕೆಗೇ ಬಂದು ನನ್ನ ಕೈ ಹಿಡಿದು, "ಮೇಷ್ಟ್ರೇ, ಚೆನ್ನಾಗಿ ಓದುದ್ರಿ. ಬರಿಯೋದು ಬುಡಿ, ಇಂಗೇ ಓದ್ಕಂಡಿರಿ" ಎಂದ.

ಮನೆ ಮುಟ್ಟುವವರೆಗೆ ತಡೆದುಕೊಂಡೆ. ಗಿರಿಜೆ ಕಾಲು ತೊಳೆದು ಒಳಗೆ ಬಂದವಳೇ, "ಅದೆಂಥಾ ಮನುಷ್ಯನೋ ರೀ ಅವ್ನು" ಎಂದು ಮತ್ತೆ ಶುರು ಮಾಡಿದಳು. ಆಗ ನನ್ನಿಂದ ಆಗಲಿಲ್ಲ. ಮಾನ ಹೋದರೂ ಚಿಂತೆಯಿಲ್ಲ, ಇವಳೊಬ್ಬಳಿಗಾದರೂ ತಿಳಿಯಲಿ ಎಂದು, "ಗಿರಿಜಾ, ಆ ಹೊಸ ಅಗ್ರಹಾರದವನು ನಾನೇ ಕಣೇ" ಎಂದು ಹುಣಸೂರು, ಟೈಪು, ಬಸ್ಸಿನ ಕಿಟಕಿ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನೇ ನೋಡುತ್ತಾ ನಿಂತಳು. ಅವಳ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಕನಿಕರ.

"ನಿಮ್ಗೆ ಪುಟ್ರಾಜು ಮೇಲೆ ಹೊಟ್ಟೆಕಿಚ್ಚು ಅಂತ ನಂಗೆ ಯಾವಾಗ್ಲೋ ಗೊತ್ತು" ಎಂದಳು. "ಅದಿರ್ಲಿ ಬುಡಿ, ಗಂಡಸ್ರಿಗೆ ಇರ್ತದೆ. ಆದ್ರೆ ಕಂಡೋರು ಬರ್ದಿದ್ನೂ ನಂದೇ ಅನ್ನೋ ಮಟ್ಟಕ್ಕೆ ಬರಬಾರ್ದಾಗಿತ್ತು ಕಣ್ರೀ. ಆ ಮಾತು ಬರ್ಯೋನು ಎಂಥ ಕರುಳು ಇರೋನು! ನೀವು ಮದ್ವೆಯಾದಾಗ್ಲಿಂದ ಒಂದಿನ, ಒಂದೇ ಒಂದಿನ, ನನ್ನ 'ನಿಂದು ಊಟ ಆಯ್ತಾ' ಅಂತ ಕೇಳಿದ್ದೀರಾ?"

ಕೇಳೋಣವೆಂದು ಬಾಯಿ ತೆರೆದೆ, ಆದರೆ ಈಗ ಕೇಳಿದರೆ ಅದನ್ನೂ ಹೊಸ ಅಗ್ರಹಾರದವನಿಂದ ಕದ್ದದ್ದು ಅಂದಾಳೆಂದು ಸುಮ್ಮನಾದೆ. ಪುಟ್ಟರಾಜುವಿನ ಮೇಲೆ ನನಗೀಗ ಅಂಥ ಹೊಟ್ಟೆಯುರಿ ಏನೂ ಇಲ್ಲ. ಇರುವುದೆಲ್ಲ ಆ ಹೊಸ ಅಗ್ರಹಾರದವನ ಮೇಲೆ. ಎರಡೇ ಪುಟ ಬರೆದು ಅವನು ತಾಲ್ಲೂಕು ತುಂಬ ಅಭಿಮಾನಿಗಳನ್ನು ಸಂಪಾದಿಸಿಬಿಟ್ಟ, ಅವರಲ್ಲಿ ಒಬ್ಬಳು ನನ್ನ ಮನೆಯಲ್ಲೇ ಇದ್ದಾಳೆ.