ಮೂಗು ಕಟ್ಟಿದ ಮನೆಗೆ ಬೀಗರು ಬಂದದ್ದು

ನಮ್ಮ ಮತ್ತಿಗಿರಿಯಲ್ಲಿ ಯಾರಿಗೆ ನೆಗಡಿಯಾದರೂ ಮೂಗು ಅವನದು, ಮದ್ದು ಊರಿನದು. ಪುಕ್ಕಟೆ ಮದ್ದು ಹೇಳುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಅದರ ಹಿಂದೆ ಏನಾದರೊಂದು ಇದ್ದೇ ಇರುತ್ತದೆ. ಹೊಸೂರಿನಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದ ಕಾಲ, ನನಗೂ ಒಂದರಲ್ಲಿ ಕೆಲಸ ಸಿಕ್ಕಿತ್ತು. ಆ ಭಾನುವಾರ ರಾಯಕೋಟೆಯಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು. ವಾರದ ಮೊದಲಿಗೇ ನನಗೆ ನೆಗಡಿ ಹಿಡಿಯಿತು. ಹಿಂದೊಂದು ಸಂಬಂಧ, ಹುಡುಗ ಕೆಮ್ಮುತ್ತಾನೆ, ಕ್ಷಯ ಇರಬಹುದು ಎಂದು ತಪ್ಪಿಹೋಗಿತ್ತು. ಈ ಹುಡುಗಿಯನ್ನು ನೋಡಿ ಬಂದಿದ್ದೆ, ಬಹಳ ಇಷ್ಟವಾಗಿದ್ದಳು. ಇದೂ ತಪ್ಪಿದರೆ ಎಂದು ನನಗೆ ಭಯ.

ಪರೀಕ್ಷೆ

ರಜೆ ಕೇಳಿದೆ. ನಮ್ಮ ತಮಿಳು ಸೂಪರ್‌ವೈಸರು ನನಗಿಂತ ಅನುಮಾನದ ಮನುಷ್ಯ. ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ, ಇದೇ ಮದ್ದು ಎಂದು ನನ್ನ ಮೂಗಿಗೆ ಹಿಡಿದು, "ವಾಸನೆ ವರುದಾ?" ಎಂದರು.

"ಏನೂ ಬತ್ತಾ ಇಲ್ಲ ಸಾರ್."

"ನಿಜವಾಗ್ಲೂ?"

"ದೇವ್ರಾಣೆ ಸಾರ್."

"ಹಾಗಾದ್ರೆ ಒಳ್ಳೇದಾಯ್ತು. ಇವತ್ತು ಪೇಂಟಿಂಗ್ ಸೆಕ್ಷನ್‌ಗೆ ಹೋಗು. ಆ ವಾಸನೆಗೆ ಅಲ್ಲಿ ಒಬ್ರೂ ನಿಲ್ತಾ ಇಲ್ಲ."

ಕೋಳಿ ಸಾರು

ಬೇರಿಕೆಯಿಂದ ಸೋದರಮಾವ ಬಂದ. ನನ್ನ ಮೂಗು ನೋಡಿದ, ಆಮೇಲೆ ಹಿತ್ತಲಲ್ಲಿದ್ದ ನಮ್ಮ ನಾಟಿಕೋಳಿಯನ್ನು ಬಹಳ ಹೊತ್ತು ನೋಡಿದ. ನನಗೆ ಆಗಲೇ ಅನುಮಾನ ಬಂತು.

"ಮೆಣಸಾಕಿ ಕೋಳಿ ಸಾರು ಮಾಡಕ್ಕ. ಎಂಥ ನೆಗಡಿನೂ ನಿಲ್ಲಾಕಿಲ್ಲ," ಎಂದ.

ಊಟಕ್ಕೆ ಕೂತಾಗ ನನಗೆ ಬಂದದ್ದು ಒಂದು ಲೋಟ ನೀರು ಸಾರು. ತುಂಡುಗಳೆಲ್ಲ ಮಾವನ ಎಲೆಯಲ್ಲಿದ್ದವು.

"ನೀನು ತುಂಡು ತಿನ್ಬ್ಯಾಡ ಕಣ್ಲಾ, ಕಫ ಕಟ್ತದೆ," ಎಂದು ಕೊನೆಯ ಕಾಲನ್ನೂ ಬಾಯಿಗಿಟ್ಟು, ಒಂದು ಸೀನು ಸೀನಿದ. ಕೋಳಿಯ ಜೊತೆಗೆ ನನ್ನ ನೆಗಡಿಯಲ್ಲೂ ಪಾಲು ತಗೊಂಡಿದ್ದ.

ಆವಿ

ಎರಡೇ ದಿನದಲ್ಲಿ ಅಪ್ಪ, ಅಮ್ಮ ಎಲ್ಲರಿಗೂ ಹರಡಿತು. ಅಪ್ಪ ಕುದಿಯುವ ನೀರಿನ ತಪ್ಪಲೆ ಇಟ್ಟುಕೊಂಡು ಕಂಬಳಿ ಹೊದ್ದು ಕೂತರು. ಬಹಳ ಹೊತ್ತಾದರೂ ಏಳಲಿಲ್ಲ.

"ಇನ್ನೂ ಎಷ್ಟು ಆವಿ ಬತ್ತಾ ಐತೆ ನೋಡು," ಎಂದು ಅಮ್ಮ ಮೆಚ್ಚಿಕೊಂಡಳು.

ನಾನು ಕಂಬಳಿ ಎತ್ತಿದೆ. ನೀರು ಯಾವಾಗಲೋ ತಣ್ಣಗಾಗಿತ್ತು. ಅಮ್ಮ ಬಿಡಿಸಿದ್ದ ಬೀಡಿ ಅಪ್ಪನ ಬಾಯಲ್ಲಿತ್ತು. ಮನೆಯಲ್ಲಿ ಒಬ್ಬರಿಗೂ ವಾಸನೆ ಹತ್ತಿರಲಿಲ್ಲ.

"ಮುಚ್ಲಾ, ಗಾಳಿ ಬತ್ತದೆ," ಎಂದರು ಅಪ್ಪ.

ಘಾಟು

ಭಾನುವಾರ ಬಂದರೂ ಮೂಗು ಬಿಡಲಿಲ್ಲ. "ಇಷ್ಟು ಮದ್ದಿಗೂ ಬಗ್ಗಿಲ್ಲ ಅಂದ್ರೆ ಇದು ನೆಗಡಿಯಲ್ಲ, ಯಾರ್ದೋ ಕಣ್ಣು," ಎಂದು ಅಮ್ಮ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿಯಾಗಿದೆ ಎಂದು ಲೆಕ್ಕ.

"ಗಾಟು ಬಂತೇನ್ಲಾ?"

"ಇಲ್ಲಮ್ಮ."

ಅಪ್ಪನಿಗೂ ಇಲ್ಲ. ಮಾವನಿಗೂ ಇಲ್ಲ. ಕೆಮ್ಮು, ಕಣ್ಣೀರು ಬಂದರೂ ನೆಗಡಿಯದೇ ಎಂದುಕೊಂಡೆವು, ಆ ವಾರ ಅದು ನಮಗೆ ಹೊಸದೇನಲ್ಲ. "ಕೆಟ್ಟ ಕಣ್ಣೇ ಬಿದ್ದೈತೆ," ಎಂದು ಅಮ್ಮ ಇನ್ನೊಂದು ಹಿಡಿ ಸುರಿದಳು. ಅಷ್ಟರಲ್ಲಿ ಬೀಗರು ಬಾಗಿಲಿಗೆ ಬಂದರು. "ಪ್ರಾಣ ಹೋದ್ರೂ ಕೆಮ್ಬ್ಯಾಡ," ಎಂದು ಅಮ್ಮ ನನ್ನ ಬಾಯಿಗೆ ಲವಂಗ ತುರುಕಿ ಕೂರಿಸಿದಳು.

ಹೆಣ್ಣಿನ ತಂದೆ ಒಳಗೆ ಕಾಲಿಟ್ಟರು, ಒಂದೇ ಸಮನೆ ಕೆಮ್ಮಿದರು, ಕಣ್ಣು ಮುಚ್ಚಿಕೊಂಡು ಬೀದಿಗೆ ಓಡಿದರು. ನಾನು ಹಲ್ಲು ಕಚ್ಚಿ, ಉಸಿರು ಹಿಡಿದು, ಕಲ್ಲಿನ ಹಾಗೆ ಕೂತಿದ್ದೆ. ಸಂಬಂಧ ಹೋಯಿತು ಎಂದುಕೊಂಡೆ.

ಹೊರಗೇ ನಿಂತಿದ್ದ ತಮ್ಮ ಕಡೆಯವರಿಗೆ ಅವರು ಹೇಳುವುದು ಕೇಳಿಸಿತು: "ಹುಡ್ಗಂಗೆ ಎದೆ ಸರಿಯಿಲ್ಲ ಅಂತ ಯಾರೋ ಹೇಳಿದ್ರು. ಇಂಥ ಗಾಟಲ್ಲೂ ಒಂದ್ ಕೆಮ್ಮು ಕೆಮ್ಮಿಲ್ವಲ್ಲ. ಕಬ್ಬಿಣದ ಎದೆ. ಕಣ್ಮುಚ್ಕೊಂಡು ಹೆಣ್ಣು ಕೊಡ್ಬೋದು."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಮ್ಮ ಮಾತ್ರ ಬಾಗಿಲ ಕಡೆ ಓರೆಗಣ್ಣಿಂದ ನೋಡಿ ನನ್ನ ಕಿವಿಯಲ್ಲಿ ಹೇಳಿದಳು: "ಒಪ್ಕೊಂಡ್ರು, ಒಳ್ಳೇದೇ. ಆದ್ರೆ ಕಣ್ಣು ಹಾಕ್ದೋನು ಆ ಬೀಗನೇ ಕಣ್ಲಾ. ನೋಡು, ಗಾಟು ಹತ್ತಿದ್ದು ಅವ್ನೊಬ್ನಿಗೇ."