ಸಣ್ಯಾನ ಕಾವಲು

ಗುಡ್ಡದ ಪೊದೆಯಲ್ಲಿ ಸಿಕ್ಕ, ಇನ್ನೂ ಕಣ್ಣು ಬಿಡದ ಮರಿಯನ್ನು ಅಲ್ಲೇ ಬಿಟ್ಟು ಬಂದಿದ್ದರೆ ಹಣಮೇಶನಿಗೆ ಈ ಫಜೀತಿ ಇರುತ್ತಿರಲಿಲ್ಲ. ಕರುಳು ಕೇಳಲಿಲ್ಲ. ಮರಿ ಸತ್ತು ಒದರುವ ಕುರಿಯೊಂದು ಮುಳ್ಳುಬೇಲಿಯ ಕುರಿದಡ್ಡಿಯಲ್ಲಿತ್ತು. ಕುರಿಗಾರರ ಹಳೇ ಉಪಾಯದಂತೆ, ಸತ್ತ ಮರಿಯ ತೊಗಲನ್ನು ಗುಡ್ಡದಲ್ಲಿ ಸಿಕ್ಕ ಮರಿಗೆ ಹೊದಿಸಿ ಕೆಚ್ಚಲಿಗೆ ಬಿಟ್ಟ. ಕುರಿ ಮೂಸಿತು, ತನ್ನದೇ ಎಂದು ಹಾಲೂಡಿತು.

"ಲೇ ಹಣಮ್ಯಾ, ಇದು ನಾಯಿ ಅಲ್ಲ, ತ್ವಾಳ. ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ," ಎಂದ ಪಕ್ಕದ ಮನೆಯ ಲಕ್ಷ್ಮಪ್ಪ.

"ಹುಟ್ಟಿದ್ದರಾಗ ಏನೈತಿ ಕಾಕಾ? ಬೆಳಸಿದ್ದರಾಗ ಐತಿ!"

ತೋಳದ ಮರಿಗೆ ಹಣಮೇಶ ಸಣ್ಯಾ ಎಂದು ಹೆಸರಿಟ್ಟ. ಸಣ್ಯಾ ಕರುವಿನಷ್ಟು ಬೆಳೆದ. ಕುರಿಗಳ ನಡುವೆ ಹಣಮೇಶನ ಕಂಬಳಿಗೆ ಒತ್ತಿಕೊಂಡು ಮಲಗುತ್ತಿದ್ದ, ಒಂದು ಮರಿಗೂ ಹಲ್ಲು ತಾಗಿಸಲಿಲ್ಲ. ಆದರೆ ಬೊಗಳುತ್ತಲೂ ಇರಲಿಲ್ಲ. ಹಳದಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಓಣಿಗೆಲ್ಲ ಅದೇ ದಿಗಿಲು.

ಅಷ್ಟರಲ್ಲಿ ಹೊಸ ಅಳಿಯ ಮೊದಲ ಸಲ ಊಟಕ್ಕೆ ಬಂದ. ಬಾಡೂಟವಿಲ್ಲದೆ ಕಳಿಸಿದರೆ ಬೀಗರ ಮುಂದೆ ಮಾನ ಹೋದಂತೆಯೇ. ಹಣಮೇಶ ದಡ್ಡಿಗೆ ಹೋಗಿ ಟಗರಿನ ಕೊರಳಿಗೆ ಹಗ್ಗ ಹಾಕಿ ಎಳೆದ.

ಹಿಂಡು ಒಟ್ಟಾಗಿ ಮೇಯಲು ಹೊರಟರೆ ಸಣ್ಯಾನದೇನೂ ತಕರಾರಿಲ್ಲ. ಒಂಟಿ ಟಗರು ಹೊರಟದ್ದು ಸರಿಬರಲಿಲ್ಲ. ಸದ್ದಿಲ್ಲದೆ ಬಂದು ಬಾಗಿಲಿಗೆ ಅಡ್ಡ ನಿಂತ. ತುಟಿ ಮೇಲೆದ್ದು ಹಲ್ಲು ಕಂಡವು.

"ಸರೀಲೇ ಸಣ್ಯಾ, ನಾನಪಾ, ನಾನು!"

ಗುರ್‍ರ್ ಎಂದಿತು ಎದೆಯೊಳಗಿಂದ. ಹಣಮೇಶ ಹಗ್ಗ ಬಿಟ್ಟ. ಟಗರು ಹಿಂಡಿಗೆ ಮರಳಿತು. ಹಣಮೇಶ ಬರಿಗೈಲಿ ಬಾಗಿಲ ಕಡೆ ಹೆಜ್ಜೆಯಿಟ್ಟ. ಮತ್ತೆ ಗುರ್‍ರ್. ಪಂಚೆ ಹಿಡಿದು ಮೆಲ್ಲಗೆ ಹಿಂದಕ್ಕೆಳೆದು, ಕುರಿಗಳ ನಡುವೆ ಕೂರಿಸಿಯೇ ಬಿಟ್ಟ ಸಣ್ಯಾ.

ಹಣಮೇಶನ ಕೂಗು ಕೇಳಿ ಲಕ್ಷ್ಮಪ್ಪ ಬಡಿಗೆ ಹಿಡಿದು ಬಂದ. ಸಣ್ಯಾ ನೆಗೆದ ರಭಸಕ್ಕೆ ಬಡಿಗೆ ಒಂದು ಕಡೆ, ಲಕ್ಷ್ಮಪ್ಪ ಮುಳ್ಳುಬೇಲಿಯ ಆಚೆ.

"ನೀ ಹೇಳಿದ್ದು ಖರೆ ಐತಲೇ!" ಅಲ್ಲಿಂದಲೇ ಒದರಿದ. "ಕುರಿ ತಿನ್ನಂಗಿಲ್ಲ ಇದು. ತನ್ನ ಕುರಿ ಒಂದನ್ನೂ ಹೊರಗ ಬಿಡಂಗಿಲ್ಲ. ನಿನ್ನನ್ನೂ ಅದರಾಗ ಎಣಿಸೇತಿ!"

ಹೊತ್ತು ಇಳಿಯಿತು. ಕುರಿಗಳು ಮೆಲುಕು ನಿಲ್ಲಿಸಿ ಎಲ್ಲವೂ ಒಂದೇ ಸಲ ಹಣಮೇಶನ ಕಡೆ ತಿರುಗಿದವು. ಅವನಿಗೆ ಅಳುವೇ ಬಂತು.

"ಪದ್ಮವ್ವಾ, ಅಳಿಯಾರು ಎಲ್ಲಿ ಅದಾರ?"

ಬೇಲಿಯಾಚೆಯಿಂದ ಹೆಂಡತಿ ಹೇಳಿದಳು: "ಲಕ್ಷ್ಮಪ್ಪ ಕಾಕಾ ಕೋಳಿ ಕೊಯ್ಸ್ಯಾನ್ರಿ. ಕಾಕಾನ ಮನ್ಯಾಗ ಉಣ್ಣಾಕ ಕುಂತಾರ. ಮಾವ ಭಾಳ ಚಲೋ ಮನಷ್ಯಾ ಅಂತ ಕಾಕಾನ್ನ ಹೊಗಳಾಕತ್ತಾರ."

ಸಣ್ಯಾ ಬಂದು ಹಣಮೇಶನ ಮುಖ ನೆಕ್ಕಿ, ಬಾಗಿಲಿಗೆ ಅಡ್ಡ ಮಲಗಿದ.